ಇಲ್ಲಿ ಹರಿಯಿರಿ

ಹೊಳೆ ದಂಡೆಯಿಂದ 500 ಮೀಟರ್ ಅಂದರೆ ನಮ್ಮ ಚಿಕ್ಕಪ್ಪನ ಕಾಲಲ್ಲಿ 712 ಹೆಜ್ಜೆ. ಮೊಣಕಾಲು ನೋವು ಅಂತ ಕಾರಿಂದ ಇಳಿಯೋಕೇ ಒದ್ದಾಡುವ ಮನುಷ್ಯ, ಅವತ್ತು ಸ್ನಾನಘಟ್ಟದ ಮೆಟ್ಟಿಲಿಂದ ಎಣಿಸಿಕೊಂಡೇ ಹೊರಟರು. ಕ್ಷೇತ್ರದ ಹೆಸರು ಬೇಡ ಬಿಡಿ, ಎಲ್ಲ ಕಡೆಯದ್ದೂ ಒಂದೇ ಕಥೆ. ದಾರಿಯಲ್ಲಿ ಒಂಬತ್ತು ಅಂಗಡಿ ಸಿಕ್ಕವು. ಒಂಬತ್ತರಲ್ಲೂ ಶಾಂಪೂ ಪ್ಯಾಕೆಟ್‌ಗಳು ಮದುವೆ ಮನೆ ತೋರಣದ ಹಾಗೆ ನೇತಾಡುತ್ತಿದ್ದವು. ಚಿಕ್ಕಪ್ಪ ತಿರುಗಿಯೂ ನೋಡಲಿಲ್ಲ. "ಇವೆಲ್ಲ ಕಳ್ಳ ಶಾಂಪೂ ಕಣೋ" ಅಂದರು. 712 ದಾಟಿದ ಮೇಲೆ ಸಿಕ್ಕ ಹತ್ತನೇ ಅಂಗಡಿಯಲ್ಲಿ ಎರಡು ರೂಪಾಯಿ ಕೊಟ್ಟು ಒಂದು ಪ್ಯಾಕೆಟ್ ತಗೊಂಡರು. ಮತ್ತೆ 712 ಹೆಜ್ಜೆ ವಾಪಸ್ ನಡೆದು, ಸೊಂಟದ ಮಟ್ಟ ನೀರಿಗಿಳಿದು, ಅದನ್ನ ಹರಿದು ತಲೆಗೆ ಸುರಿದುಕೊಂಡರು.

ಪೂರ್ತಿ ಕಾನೂನುಬದ್ಧ ಸ್ನಾನ.

ಸುದ್ದಿ ನಿಮಗೆಲ್ಲ ಗೊತ್ತೇ ಇದೆ. 2025ರ ಮಾರ್ಚ್‌ನಲ್ಲಿ ಅರಣ್ಯ, ಪರಿಸರ ಸಚಿವ ಈಶ್ವರ ಖಂಡ್ರೆಯವರು, ತೀರ್ಥಕ್ಷೇತ್ರಗಳಲ್ಲಿ ನದಿಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಅಂತ ಸೂಚನೆ ಕೊಟ್ಟರು. ಭಕ್ತರು ನೀರಲ್ಲಿ ಬಟ್ಟೆ ಬಿಡೋದನ್ನೂ ತಡೆಯಿರಿ ಅಂದರು. ಉದ್ದೇಶ ಒಳ್ಳೇದೇ, ನಾನು ಅಲ್ಲ ಅನ್ನಲ್ಲ. ಆದರೆ ಈ ಲೆಕ್ಕದಲ್ಲಿ ಶಾಂಪೂ 499ನೇ ಮೀಟರಿನಲ್ಲಿ ವಿಷ, 501ನೇ ಮೀಟರಿನಲ್ಲಿ ಪರಿಮಳ. ಮಾರೋದು ಬೇಡ ಅಂದರು ಸರಿ, ಮನೆಯಿಂದ ಬ್ಯಾಗಲ್ಲಿ ಹಾಕಿಕೊಂಡು ಬರುವವರನ್ನ ಏನು ಮಾಡೋದು? ಘಟ್ಟಕ್ಕೊಂದು ಏರ್‌ಪೋರ್ಟ್ ಮಾದರಿ ಸ್ಕ್ಯಾನರ್ ಇಟ್ಟು, "ಸರ್, ದ್ರವ ಪದಾರ್ಥ ಏನಾದ್ರೂ ಇದೆಯಾ" ಅಂತ ಕೇಳೋಣವೇ?

ಇಷ್ಟೆಲ್ಲ ತಲೆ ಕೆಡಿಸಿಕೊಂಡ ಮೇಲೂ ಯಾರೂ ಆ ಪ್ಯಾಕೆಟ್ಟಿನ ಮುಖ ನೋಡಿ "ನೀನ್ಯಾಕಪ್ಪ ಹೀಗಿದ್ದೀಯ" ಅಂತ ಕೇಳಿಲ್ಲ. ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಒಂದು ಅಂಚಲ್ಲಿ ಸಣ್ಣ ಕಚ್ಚು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಟೇರ್ ಹಿಯರ್'. ನಮ್ಮ ಭಾಷೆಗೆ ತಂದರೆ 'ಇಲ್ಲಿ ಹರಿಯಿರಿ'. ಕನ್ನಡದ ಭಾಗ್ಯ ನೋಡಿ, ಪ್ಯಾಕೆಟ್ಟೂ ಹರಿಯುತ್ತೆ, ಹೊಳೆಯೂ ಹರಿಯುತ್ತೆ, ಕೊನೆಗೆ ಎರಡೂ ಒಟ್ಟಿಗೆ ಹರಿಯುತ್ತವೆ. ಒದ್ದೆ ಕೈಗೆ ಅದು ಹರಿಯೋದೇ ಇಲ್ಲ ಅನ್ನೋದು ಬೇರೆ ಮಾತು. ಬೆರಳು ಜಾರುತ್ತೆ, ಆ ಕಡೆ ಈ ಕಡೆ ಎಳೆದು ಸುಸ್ತಾಗುತ್ತೆ, ಕೊನೆಗೆ ಹಲ್ಲೇ ಗತಿ. ಕಚ್ಚಿ ಎಳೆದರೆ ಉಗುರಿನಷ್ಟು ತುಂಡು ನಾಲಿಗೆ ಮೇಲೆ ಉಳಿಯುತ್ತೆ, ಜೊತೆಗೆ ಒಂದು ಹನಿ ಕಹಿ. ಥೂ ಅಂತ ಉಗಿಯದೆ ಇನ್ನೇನು ಮಾಡ್ತಾರೆ? ಕಣ್ಣಿಗೆ ನೊರೆ ಇಳಿಯುತ್ತಿರುವಾಗ, ಮುಕ್ಕಾಲು ಬಟ್ಟೆ ಬಿಚ್ಚಿ ನಿಂತ ಮನುಷ್ಯ, ಜೇಬೂ ಇಲ್ಲದವನು, ಖಾಲಿ ಪ್ಯಾಕೆಟ್ ಎಲ್ಲಿ ಇಟ್ಟುಕೊಳ್ಳಬೇಕು? ಪ್ಯಾಕೆಟ್ ಹಿಂದೆ ಕಸದ ಡಬ್ಬಿಗೆ ಕಸ ಹಾಕುತ್ತಿರುವ ಒಬ್ಬ ಮನುಷ್ಯನ ಚಿತ್ರ ಇರುತ್ತೆ. ಅವನು ಪ್ಯಾಂಟು ಹಾಕಿರೋನು, ಒಣ ನೆಲದ ಮೇಲೆ ನಿಂತಿರೋನು. ಅವನಿಗೇನು ಗೊತ್ತು?

ಈ ಪ್ಯಾಕೆಟ್ಟನ್ನ ನಾನು ಸುಮ್ನೆ ಬೈತಿಲ್ಲ. ಹುಟ್ಟಿದಾಗ ಇದೊಂದು ಜಾಣ ಐಡಿಯಾನೇ ಆಗಿತ್ತು. ತಮಿಳುನಾಡಿನ ಕಡಲೂರಿನ ಕಡೆಯವರು ಶಾಂಪೂವನ್ನ ಚಿಟಿಕೆ ಪ್ಯಾಕೆಟ್ಟಿಗೆ ತುಂಬಿ ಮಾರಿದರು, 1980ರ ದಶಕದಲ್ಲಿ ಅದು ಹಳ್ಳಿ ಹಳ್ಳಿ ತಲುಪಿತು. ಬಾಟಲಿ ಕೊಳ್ಳೋಕಾಗದವರ ತಲೆಗೂ ಶಾಂಪೂ ಬಂತು. ನಮ್ಮಜ್ಜಿ ಸೀಗೆಕಾಯಿ ಪುಡಿ ಕಣ್ಣಿಗೆ ಬಿದ್ದು ಎಷ್ಟು ಸಲ ಅತ್ತಿದ್ದಾಳೋ, ಆ ಕಾಲ ವಾಪಸ್ ಬರಲಿ ಅಂತ ಖಂಡಿತ ಹೇಳಲ್ಲ. ಆದರೆ ಫ್ಯಾಕ್ಟರಿಯಿಂದ ತಲೆಯವರೆಗೆ ಯೋಚನೆ ಮಾಡಿದವರು ತಲೆಯಿಂದ ಮುಂದೆ ಯೋಚನೆಯನ್ನೇ ಮಾಡಲಿಲ್ಲ. ನಾಮಕರಣಕ್ಕೆ ಊರೆಲ್ಲ ಬಂದಿತ್ತು, ತಿಥಿಗೆ ಯಾರೂ ಇಲ್ಲ.

ಹೊರಗಡೆ ಬಣ್ಣ ಕೂರೋಕೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ, ಒಳಗೆ ಅಂಟೋಕೆ ಪಾಲಿಥಿನ್. ಮೂರನ್ನೂ ಒತ್ತಿ ಒಂದು ಮಾಡಿದರೆ ಆಮೇಲೆ ದೇವರು ಬಂದರೂ ಬಿಡಿಸೋಕಾಗಲ್ಲ. ನಮ್ಮ ಬೀದಿಯ ಗುಜರಿಯವನನ್ನ ಕೇಳಿ. ಹಾಲಿನ ಕವರ್ ಕೊಡಿ, ತಗೋತಾನೆ, ಅದು ಒಂದೇ ಜಾತಿಯ ಪ್ಲಾಸ್ಟಿಕ್. ಶಾಂಪೂ ಪ್ಯಾಕೆಟ್ ತೋರಿಸಿದರೆ ಮುಖ ನೋಡಿ ನಗ್ತಾನೆ.

ಹಾಲಿನ ಕವರ್ ಅಂದಾಗ ನೆನಪಾಯ್ತು. ನಮ್ಮಮ್ಮ ನಂದಿನಿ ಕವರನ್ನ ತೊಳೆದು, ಅಡುಗೆಮನೆ ಕಿಟಕಿಯ ಕಂಬಿಗೆ ಸಿಕ್ಕಿಸಿ ಒಣಗಿಸ್ತಾರೆ. ಮೂವತ್ತು ವರ್ಷದ ವ್ರತ. ಅದರ ಮೂಲೆಯನ್ನ ಪೂರ್ತಿ ಕತ್ತರಿಸಬೇಡಿ, ಚೂರು ಅಂಟಿಕೊಂಡಿರಲಿ, ಆ ತುಂಡು ಚರಂಡಿ ಸೇರುತ್ತೆ ಅಂತ ವಾಟ್ಸಾಪ್‌ನಲ್ಲಿ ಒಂದು ಸಂದೇಶ ವರ್ಷಕ್ಕೆರಡು ಸಲ ಬರುತ್ತೆ. ಅಮ್ಮ ಅದನ್ನ ನಂಬಿ, ಈಗ ಕತ್ತರಿಯನ್ನ ಕಣ್ಣಿನ ಆಪರೇಷನ್ ಮಾಡೋ ಡಾಕ್ಟರ ಹಾಗೆ ಹಿಡಿತಾರೆ. ಚೂರು ಜಾಸ್ತಿ ಹೋಗಿ ತುಂಡು ಉದುರಿದರೆ, ಅವತ್ತು ಕಾಫಿ ತಡ, ಸಿಂಕಿನ ಕೆಳಗೆ ಹುಡುಕಾಟ. ಎಪ್ಪತ್ತು ದಾಟಿದ ಹೆಂಗಸು ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ಕಿಗೆ ಜವಾಬ್ದಾರಿ ಹೊತ್ತು ಬಗ್ಗಿ ಹುಡುಕಬೇಕು. ಲೋಡುಗಟ್ಟಲೆ ಪ್ಯಾಕೆಟ್ ಹೊರಗೆ ಬಿಡುವ ಫ್ಯಾಕ್ಟರಿಗೆ ಇಂಥ ವಾಟ್ಸಾಪ್ ಸಂದೇಶ ಯಾರೂ ಕಳಿಸಲ್ಲ ಅಲ್ವಾ.

ಯುರೋಪಿನಲ್ಲಿ 2024ರ ಜುಲೈಯಿಂದ, ಮೂರು ಲೀಟರ್‌ವರೆಗಿನ ಪಾನೀಯದ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು ಅಂತ ನಿಯಮ. ಜರ್ಮನಿಯಲ್ಲಿರುವ ನನ್ನ ಕಸಿನ್‌ಗೆ ಇದೊಂದು ದೊಡ್ಡ ಸಂಕಟ. ಕುಡಿಯೋವಾಗ ಮುಚ್ಚಳ ಮೂಗಿಗೆ ಚುಚ್ಚುತ್ತಂತೆ. ಚುಚ್ಚಲಿ ಬಿಡಿ. ಅಲ್ಲಿ "ಮುಚ್ಚಳ ಎಸೆಯಬೇಡಿ" ಅಂತ ಬೋರ್ಡು ನೆಟ್ಟು ಕೂರಲಿಲ್ಲ, ಬಾಟಲಿ ಮಾಡೋರಿಗೆ "ಹೀಗೆ ಮಾಡಿ" ಅಂದರು, ಅಷ್ಟೇ.

ನಮ್ಮಲ್ಲಿ ಪ್ಯಾಕೆಟ್ ಹೊಸ ರೂಪ ಪಡೆದ ಉದಾಹರಣೆ ಇಲ್ಲವೇ? ಯಾಕಿಲ್ಲ. ಗುಟ್ಕಾ ಇದೆಯಲ್ಲ! ಮೊದಲು ಅಡಿಕೆ ಮಸಾಲೆ, ತಂಬಾಕು ಎರಡೂ ಒಂದೇ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯ್ತು. ತಕ್ಷಣ ಅಡಿಕೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಅಂಗಡಿಯವನು ಎರಡನ್ನೂ ಒಟ್ಟಿಗೆ ಹರಿದು ಕೊಡ್ತಾನೆ, ಗಿರಾಕಿ ಅಂಗೈಯಲ್ಲಿ ಬೆರೆಸಿಕೊಂಡು ಬಾಯಿಗೆ ಹಾಕ್ತಾನೆ. ಒಂದು ಪ್ಯಾಕೆಟ್ ಬೀಳುತ್ತಿದ್ದ ಜಾಗದಲ್ಲಿ ಈಗ ಎರಡು. ನಿಷೇಧ ಮಾಡಿ ಕಸ ದುಪ್ಪಟ್ಟು ಮಾಡಿದ ಈ ಸಾಧನೆಗೆ ರಾಜ್ಯೋತ್ಸವ ಪ್ರಶಸ್ತಿ ಇನ್ನೂ ಯಾಕೆ ಬಂದಿಲ್ಲ?

ಮತ್ತೆ ಕೇಂದ್ರದ ಪ್ಲಾಸ್ಟಿಕ್ ನಿಯಮ. 2016ರಲ್ಲಿ ಬರೆದಾಗ ಸರಿಯಾಗೇ ಬರೆದಿದ್ದರು. ಮರುಬಳಕೆಗೆ ಬಾರದ ಇಂಥ ಪದರದ ಪ್ಲಾಸ್ಟಿಕ್ ಎರಡು ವರ್ಷದಲ್ಲಿ ನಿಲ್ಲಬೇಕು ಅಂತ. ಎರಡು ವರ್ಷ ಆಯ್ತು. ಪ್ಯಾಕೆಟ್ ಬದಲಾಗಲಿಲ್ಲ, ವಾಕ್ಯ ಬದಲಾಯಿತು. 2018ರ ತಿದ್ದುಪಡಿಯಲ್ಲಿ ಎರಡು ಪುಟ್ಟ 'ಅಥವಾ' ಸೇರಿಸಿದರು. ಮರುಬಳಕೆ ಆಗದ, ಅಥವಾ ಸುಟ್ಟು ಶಕ್ತಿ ಪಡೆಯೋಕಾಗದ, ಅಥವಾ ಬೇರೆ ಉಪಯೋಗ ಇಲ್ಲದ ಪ್ಲಾಸ್ಟಿಕ್ ಮಾತ್ರ ನಿಲ್ಲಬೇಕಂತೆ. ಸಿಮೆಂಟ್ ಫ್ಯಾಕ್ಟರಿಯ ಗೂಡಿಗೆ ಹಾಕಿದರೆ ಉರಿಯುತ್ತಲ್ಲ, ಪಾಸ್! ಹಾಗೆ ನೋಡಿದರೆ ಬಚ್ಚಲ ಒಲೆಗೆ ಹಾಕಿದ ಹಳೇ ಚಪ್ಪಲಿಯೂ ಪಾಸೇ. 2022ರ ಜುಲೈ 1ರಿಂದ ದೇಶದಾದ್ಯಂತ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧ ಬಂತು, ಅದರಲ್ಲಿ ಬಲೂನಿನ ಕಡ್ಡಿ ಇತ್ತು, ಕಿವಿಗೆ ಹಾಕೋ ಕಡ್ಡಿ ಇತ್ತು, ಐಸ್‌ಕ್ರೀಮ್ ಕಡ್ಡಿ ಇತ್ತು. ಶಾಂಪೂ ಪ್ಯಾಕೆಟ್ ಇರಲಿಲ್ಲ. ಜಾತ್ರೆಯಲ್ಲಿ ಬಲೂನು ಮಾರುವವನ ಪರವಾಗಿ ದೆಹಲಿಗೆ ಹೋಗಿ ಮಾತಾಡುವವರು ಯಾರೂ ಇಲ್ಲ, ಅದಕ್ಕೇ.

ನಗೋಕೆ ಹೊರಟವನಿಗೆ ಇಲ್ಲಿ ಯಾಕೋ ನಗು ಬರ್ತಿಲ್ಲ. ಸಂಜೆ ಸ್ನಾನಘಟ್ಟ ಗುಡಿಸೋಕೆ ಬರುವ ಹೆಂಗಸರನ್ನ ನೋಡಿದ್ದೀರಾ? ಹರಿದ ಪ್ಯಾಕೆಟ್ಟಿನ ತುಂಡುಗಳು ಒದ್ದೆ ಕಲ್ಲಿಗೆ ಅಂಟಿರುತ್ತವೆ, ಪೊರಕೆಗೆ ಬರಲ್ಲ. ಕೂತು ಉಗುರಲ್ಲಿ ಕೆರೆದು ತೆಗೀತಾರೆ. ಒಂದೊಂದಾಗಿ. ಕಂಪನಿ ದುಡ್ಡು ಮಾಡುತ್ತೆ, ಸರ್ಕಾರ ತೆರಿಗೆ ತಗೊಳ್ಳುತ್ತೆ, ಕೆರೆಯುವ ಕೆಲಸ ಮಾತ್ರ ದಿನಗೂಲಿಯ ಉಗುರಿಗೆ. ಇದಕ್ಕೆ ಪರಿಸರ ನೀತಿ ಅಂತ ಹೆಸರು.

ಸರ್ಕಾರಕ್ಕೂ ಪಾಪ ಗೊಂದಲ ಇದೆ. ಒಂದು ಇಲಾಖೆ ಮಾರ್ಚ್‌ನಲ್ಲಿ ಸೋಪನ್ನ ಹೊಳೆಯಿಂದ ದೂರ ಓಡಿಸಿತು. ನೂರು ವರ್ಷದಿಂದ ಮೈಸೂರು ಸ್ಯಾಂಡಲ್ ಸೋಪು ಮಾಡುತ್ತಿರುವ ಸರ್ಕಾರದ್ದೇ ಕಾರ್ಖಾನೆ ಅದೇ ವರ್ಷ ಮೇ ತಿಂಗಳಲ್ಲಿ 6.20 ಕೋಟಿ ರೂಪಾಯಿಗೆ ಸಿನಿಮಾ ನಟಿಯನ್ನ ರಾಯಭಾರಿ ಮಾಡಿಕೊಂಡಿತು, ಎರಡು ವರ್ಷ ಎರಡು ದಿನಕ್ಕೆ. ನಟಿ ಕನ್ನಡದವರೋ ಅಲ್ಲವೋ ಅಂತ ನಾವೆಲ್ಲ ವಾರಗಟ್ಟಲೆ ಜಗಳ ಆಡಿದೆವು. ಆ ಎರಡು ದಿನ ಯಾಕೆ ಅಂತ ನನಗೆ ಇವತ್ತಿಗೂ ಕುತೂಹಲ. ಸೆಪ್ಟೆಂಬರ್‌ನಲ್ಲಿ ಶಾಂಪೂ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಹೊಳೆ ಹತ್ತಿರ ಬೇಡ, ಆದರೆ ಅಗ್ಗವಾಗಿ ತಗೊಳ್ಳಿ.

ಚಿಕ್ಕಪ್ಪನಿಗೆ ಒಂದು ಐಡಿಯಾ ಇದೆ. ಅವರ ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ಐದು ರೂಪಾಯಿ ಕಾಯಿನ್ ಹಾಕಿದರೆ ಕ್ಯಾನ್ ತುಂಬ ನೀರು ಬರುತ್ತೆ. "ನೀರು ಬರುತ್ತೆ ಅಂದ್ರೆ ಶಾಂಪೂ ಬರಲ್ವೇನೋ? ಎರಡು ರೂಪಾಯಿ ಹಾಕು, ಅಂಗೈಗೆ ಒಂದು ಚಮಚ. ಘಟ್ಟದ ಮೇಲೆ ನಾಲ್ಕು ಬಚ್ಚಲು ಕಟ್ಟಿಸಿ ಅಲ್ಲೇ ಇಡಲಿ, ನೊರೆ ಚರಂಡಿಗೆ ಹೋಗಲಿ." ಆ ಚರಂಡಿ ಎಲ್ಲಿಗೆ ಹೋಗುತ್ತೆ ಚಿಕ್ಕಪ್ಪ ಅಂತ ಕೇಳಿದೆ. ಅವರು ಹೊಳೆ ಕಡೆ ನೋಡಿ ಸುಮ್ಮನಾದರು.

ವಾಪಸ್ ಬರೋವಾಗ ಅವರ ಒದ್ದೆ ಪಂಚೆಯನ್ನ ಹಿಂದಿನ ಸೀಟಿನ ಮೇಲೆ ಹರಡಿದ್ದೆವು. ಮನೆಗೆ ಬಂದು ಕೊಡವಿದರೆ ಒಂದು ಬೆಳ್ಳಿ ತುಂಡು ಉದುರಿತು, ಕಿರುಬೆರಳಿನ ಉಗುರಿನಷ್ಟು, ಒಂದು ಅಂಚಲ್ಲಿ ಗುಲಾಬಿ ಬಣ್ಣ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. "ನನ್ನದಲ್ಲಪ್ಪ, ನನ್ನದು ಹಸಿರು ಪ್ಯಾಕೆಟ್" ಅಂದರು.