ಜುಲೈ ಚಳಿಗೆ ‘ಅಫೀಲಿಯನ್’ ಕಾರಣವೇ? ಸತ್ಯಾಂಶ ಇಲ್ಲಿದೆ

ಜುಲೈ ಹತ್ತಿರ ಬಂದರೆ ಸಾಕು, ಫ್ಯಾಮಿಲಿ ಗ್ರೂಪಿಗೆ ಅದೇ ಹಳೇ ಮೆಸೇಜು ಮತ್ತೆ ಬಂದು ಬೀಳುತ್ತದೆ: ‘ನಾಳೆಯಿಂದ ಅಫೀಲಿಯನ್, ಸೂರ್ಯನಿಂದ 9 ಕೋಟಿ ಕಿ.ಮೀ. ದೂರ ಇರುವ ಭೂಮಿ 15.2 ಕೋಟಿ ಕಿ.ಮೀ. ದೂರ ಹೋಗುತ್ತದೆ, ಆಗಸ್ಟ್‌ವರೆಗೂ ಚಳಿ, ಕೆಮ್ಮು, ನೆಗಡಿ ಜಾಸ್ತಿ.’

ಅಫೀಲಿಯನ್, ಅಂದರೆ ಭೂಮಿ ಸೂರ್ಯನಿಂದ ಅತಿ ದೂರ ಇರುವ ಹೊತ್ತು, ಸುಳ್ಳಲ್ಲ. ಭೂಮಿ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಜುಲೈ ಮೊದಲ ವಾರದಲ್ಲಿ ನಾವು ಸೂರ್ಯನಿಂದ ಸುಮಾರು 15.2 ಕೋಟಿ ಕಿ.ಮೀ. ದೂರ ಇರುತ್ತೇವೆ, ಜನವರಿ ಮೊದಲ ವಾರದಲ್ಲಿ 14.7 ಕೋಟಿ. ವ್ಯತ್ಯಾಸ ಶೇ 3ರಷ್ಟು ಮಾತ್ರ. ಆ 9 ಕೋಟಿ ಲೆಕ್ಕ ಎಲ್ಲಿಂದ ತಂದರೋ! ಶುಕ್ರ ಗ್ರಹವೇ ಸೂರ್ಯನಿಂದ 10.8 ಕೋಟಿ ಕಿ.ಮೀ. ದೂರದಲ್ಲಿದೆ, ಅದನ್ನೂ ದಾಟಿ ಒಳಗೆ ಹೋದರೆ ಬೆಂದೇ ಹೋಗುತ್ತೇವೆ.

ದೂರದಿಂದಲೇ ಚಳಿ ಆಗುವುದಾದರೆ ಜನವರಿಯಲ್ಲಿ ಬೀದರ್‌ನವರು ಸ್ವೆಟರ್ ಹಾಕುವ ಹಾಗೇ ಇರಲಿಲ್ಲ, ಅಲ್ವಾ?

ಋತು ಬದಲಾಗುವುದು ಭೂಮಿ 23.4 ಡಿಗ್ರಿ ಓರೆಯಾಗಿ ನಿಂತು ಸುತ್ತುವುದರಿಂದ. ಜೂನ್, ಜುಲೈನಲ್ಲಿ ಉತ್ತರದ ಅರ್ಧ ಸೂರ್ಯನ ಕಡೆ ವಾಲಿರುತ್ತದೆ. ಅಲ್ಲಿ ಹಗಲು ಉದ್ದ, ಬಿಸಿಲು ನೇರ. ಅದೇ ಹೊತ್ತಿಗೆ ದಕ್ಷಿಣದ ಅರ್ಧದಲ್ಲಿರುವ ಸಿಡ್ನಿಯಲ್ಲಿ ಚಳಿಗಾಲ. ಭೂಮಿ ಒಂದೇ, ಸೂರ್ಯನಿಂದ ದೂರವೂ ಒಂದೇ, ಆದರೂ ಹೀಗೆ.

ಹಾಗಾದರೆ ಬೆಂಗಳೂರಲ್ಲಿ ಜುಲೈ ಯಾಕೆ ತಂಪು? ಮುಂಗಾರು ಮೋಡ, ಮಳೆ, ಗಾಳಿ, ಅಷ್ಟೇ. ನೆಗಡಿಗೆ ಕಾರಣ ವೈರಸ್ಸು, ಪಾಪ ಭೂಮಿಯದೇನೂ ತಪ್ಪಿಲ್ಲ.