ಲೆಕ್ಕದಲ್ಲಿ ಮಂಗ ಇನ್ನೂ ಬದುಕಿದೆ

ನಮ್ಮ ಕಡೆ ಮಂಗ ಸತ್ತರೆ ಮೊದಲು ಗೊತ್ತಾಗುವುದು ಮೂಗಿಗೆ. ಆಮೇಲೆ ಊರಿಗೆ. ಎಲ್ಲ ಮುಗಿದ ಮೇಲೆ ಕಂಪ್ಯೂಟರಿಗೆ.

ಮೊನ್ನೆ ಶಿವಮೊಗ್ಗದಲ್ಲಿ ಒಂದು ಸಭೆಗೆ ಹೋಗಿದ್ದೆ. ಮಂಗನ ಕಾಯಿಲೆ ಎಲ್ಲಿ, ಯಾವಾಗ, ಎಷ್ಟು ಜನಕ್ಕೆ ಬರುತ್ತದೆ ಎಂದು ಗಣಿತದಿಂದ ಮೊದಲೇ ಹೇಳುವ ಮಾಡೆಲ್ ತೋರಿಸ್ತೀವಿ, ಊರಿನವರೂ ಬನ್ನಿ ಅಂದಿದ್ದರು. ಉಪ್ಪಿಟ್ಟು, ಕೇಸರಿಬಾತ್ ಇತ್ತು. ಪರದೆಯ ಮೇಲೆ ಮೂರು ಚೌಕ. ರೋಗ ತಗಲಬಹುದಾದವರು, ತಗಲಿದವರು, ವಾಸಿಯಾದವರು.

ಈ ಮೂರು ಚೌಕದ ಮೇಲೆ ನನಗೆ ಗೌರವವಿದೆ. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ಸ್ಕಾಟ್ಲೆಂಡಿನಲ್ಲಿ ಕೂತು ಹಾಕಿದ ಲೆಕ್ಕ ಅದು. 1905–06ರಲ್ಲಿ ಮುಂಬೈಯಲ್ಲಿ ಪ್ಲೇಗಿನಿಂದ ವಾರವಾರಕ್ಕೆ ಎಷ್ಟು ಜನ ಸತ್ತರು ಎಂಬ ಪಟ್ಟಿ ಇಟ್ಟುಕೊಂಡು ತಾಳೆ ನೋಡಿದ್ದರು. ಪ್ರಯೋಗಶಾಲೆಯ ಅಪಘಾತದಲ್ಲಿ ಕರ್ಮ್ಯಾಕ್ ಅವರ ಕಣ್ಣು ಅಷ್ಟೊತ್ತಿಗಾಗಲೇ ಹೋಗಿತ್ತು. ಅವರಿಗೆ ಪ್ರೊಜೆಕ್ಟರ್ ಬೇಕಾಗಲಿಲ್ಲ.

ನಮ್ಮ ಸಭೆಯ ಮಾಡೆಲ್ ಕೊರೋನಾ ಕಾಲದ್ದು. ತಲೆಬರಹ ಮಾತ್ರ ಹೊಸದು. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನಕ್ಕೆ ಅಂಟುತ್ತದೆ ಎಂಬ ಅಂಕಿ ಒಂದನ್ನು ದಾಟಿದರೆ ರೋಗ ಏರುತ್ತದೆ, ಒಂದಕ್ಕಿಂತ ಕಡಿಮೆಯಾದರೆ ಇಳಿಯುತ್ತದೆ. ಸರಿಯೇ. ಆದರೆ ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದೇ ಇಲ್ಲ. ಉಣುಗು ಕಚ್ಚಿದರೆ ಬರುತ್ತದೆ. ಹಾಗಾಗಿ ಅಂಕಿ ಎಷ್ಟು ಬಂತು? ಸೊನ್ನೆ.

“ಸೊನ್ನೆ ಅಂದ್ರೆ ರೋಗ ಹರಡೋ ಮಾತೇ ಇಲ್ಲ” ಎಂದರು ಸಾಹೇಬರು. ಚಪ್ಪಾಳೆ ಬಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ, 2019ರಲ್ಲಿ ಸಾಗರದ ಅರಳಗೋಡನ್ನು ನಡುಗಿಸಿದ ರೋಗ, ಒಂದು ಸೊನ್ನೆಗೆ ಓಡಿಹೋಯಿತು.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದರು. ವರ್ಷವರ್ಷವೂ ಸೊಪ್ಪಿನ ಬೆಟ್ಟದಿಂದ ಕೊಟ್ಟಿಗೆಗೆ ದರಗು, ಅಂದರೆ ಉದುರಿದ ಒಣ ಎಲೆ, ಹೊರುವವರು.

“ಮಂಗ ಯಾವ ಚೌಕದಲ್ಲಿದೆ ಸಾರ್?”

“ಮಂಗ ಮುಂದಿನ ಹಂತದಲ್ಲಿ ಬರುತ್ತಮ್ಮ.”

“ಉಣುಗು?”

“ಅದು ತುಂಬಾ ಚಿಕ್ಕದಲ್ವಾ.”

ಚಿಕ್ಕದು ಹೌದು. ಮರಿ ಉಣುಗು ಮೈಮೇಲೆ ಹತ್ತಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದರ ಕಾಟ ಜಾಸ್ತಿ ಇರುವುದು ಡಿಸೆಂಬರಿನಿಂದ ಮೇವರೆಗೆ. ಅಕ್ಕ ದರಗು ಗುಡಿಸುವುದೂ ಆಗಲೇ. ಇದೇ ರೋಗಕ್ಕೆ ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗೆಲ್ಲ ಉದುರಿ ಆ ಜಾಗದಲ್ಲೇ ಕಾದು ಕೂರುತ್ತವೆ. ಕಾಡಂಚು, ದನ, ಮಂಗ ಸತ್ತ ಜಾಗ, ಸತ್ತ ದಿನ, ಇಷ್ಟನ್ನು ಸರಿಯಾಗಿ ಉಣಿಸಿದರೆ ಗಣಿತ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅದರ ತಪ್ಪೇನಿಲ್ಲ, ಪಾಪ. ಹಾಕಿದ್ದನ್ನು ರುಬ್ಬುವ ಒರಳು ಅದು.

ಕೊನೆಗೆ ಜನರಿಗೆ ಸಲಹೆ ಕೊಟ್ಟರು. ಮೊದಲನೆಯದೇ ‘ಆರಡಿ ಅಂತರ ಕಾಪಾಡಿ’. ಉಣುಗಿಗೆ ಯಾರು ಹೇಳಿಕಳಿಸುತ್ತಾರೋ ಗೊತ್ತಾಗಲಿಲ್ಲ.

ನಕ್ಷೆಯಲ್ಲಿ ನಮ್ಮೂರು ಹಸಿರಾಗಿತ್ತು. ಕಾಡಿದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಅಲ್ಲವಂತೆ. ಹಸಿರು ಎಂದರೆ ಅಪಾಯ ಇಲ್ಲ.

ನಮ್ಮ ತೋಟದ ಅಂಚಿನ ಹಲಸಿನ ಬುಡದಲ್ಲಿ ಆಗಲೇ ಒಂದು ಮುಸಿಯ, ಅದೇ ಕಪ್ಪು ಮೂತಿಯ ಮಂಗ, ಸತ್ತು ಬಿದ್ದಿತ್ತು. ಆಶಾ ಕಾರ್ಯಕರ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಫೋಟೊ ತೆಗೆದಿದ್ದಳು. ಸತ್ತ ಮಂಗದ ಲೆಕ್ಕ ಇಡುವ ಸರ್ಕಾರಿ ಆ್ಯಪಿಗೆ ಹಾಕಲು ನೆಟ್‌ವರ್ಕ್ ಬೇಕು. ನಮ್ಮೂರಲ್ಲಿ ಅದು ಸಿಗುವುದು ಗುಡ್ಡದ ನೆತ್ತಿಯ ಒಂದೇ ಬಂಡೆಯ ಮೇಲೆ, ಅದೂ ಮೋಡ ಇಲ್ಲದಿದ್ದರೆ. ನಾಲ್ಕು ಸಲ ಹತ್ತಿದಳು. ಐದನೇ ಸಲಕ್ಕೆ ಫೋಟೊ ಹೋಯಿತು, ‘ಚಿತ್ರ ಸ್ಪಷ್ಟವಿಲ್ಲ’ ಎಂದು ವಾಪಸ್ ಬಂತು. ಮತ್ತೆ ತೆಗೆಯೋಣ ಅಂದರೆ ತೆಗೆಯುವಂಥದ್ದೇನೂ ಉಳಿದಿರಲಿಲ್ಲ.

ಒಂಬತ್ತನೇ ದಿನ ಹೇಗೋ ದಾಖಲಾಯಿತು. ಆ್ಯಪಿನಲ್ಲಿ ಫೋಟೊ ಸೇರಿದ ದಿನವೇ ಸತ್ತ ದಿನ. ಅಂದರೆ ಎಂಟು ದಿನ ನಮ್ಮ ಮುಸಿಯ ಸರ್ಕಾರಿ ಲೆಕ್ಕದಲ್ಲಿ ಆರಾಮಾಗಿತ್ತು, ಮರದಿಂದ ಮರಕ್ಕೆ ಹಾರುತ್ತಾ. ಅದೇ ಹಲಸಿನ ಬುಡದಲ್ಲಿ ಅಕ್ಕ ಆ ಎಂಟು ದಿನವೂ ದರಗು ಗುಡಿಸಿದರು.