ಒಂದು ಬೊಗಸೆ ಹಲ್ವಾ

ಮದುವೆ ಮನೆಯಲ್ಲಿ ಬಡಿಸೋಕೆ ನಿಂತರೆ ನನ್ನನ್ನು ಮೀರಿಸುವವರಿಲ್ಲ ಅಂತ ನನಗೊಂದು ಜಂಬ ಇತ್ತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಸಾರಿನ ಬಕೆಟ್ ಹಿಡಿದು ಮೂರು ಪಂಕ್ತಿ ಒಬ್ಬನೇ ಮುಗಿಸಿದವನು ನಾನು. ಅದೇ ಧೈರ್ಯದಲ್ಲಿ ಒಂದು ಭಾನುವಾರ ಸಂಜೆ, ಆಫೀಸಿನ ಪಂಜಾಬಿ ಗೆಳೆಯ ಕರೆದ ಅಂತ, ಹಲಸೂರು ಕೆರೆ ಪಕ್ಕದ ಗುರುದ್ವಾರಕ್ಕೆ ಲಂಗರ್ ಸೇವೆಗೆ, ಅಂದರೆ ಬಂದವರಿಗೆಲ್ಲ ಪುಕ್ಕಟೆ ಊಟ ಬಡಿಸೋಕೆ, ಹೋದೆ.

ಒಳಗೆ ಹೋಗಬೇಕಾದರೆ ತಲೆ ಮುಚ್ಚಬೇಕು. ಒಂದು ಕೇಸರಿ ಬಟ್ಟೆ ಕೊಟ್ಟರು. ಕೂದಲಿದ್ದವರಿಗೆ ಅದು ನಿಲ್ಲುತ್ತೆ, ನನ್ನ ತಲೆ ಮೇಲೆ ಜಾರುಬಂಡೆ ಆಡುತ್ತೆ. ದಾಲ್ ಹಾಕೋಕೆ ಬಗ್ಗಿದಾಗಲೆಲ್ಲ ಹುಬ್ಬಿನ ಮೇಲೆ ಬಂದು ಕೂರೋದು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಸೌಟು, ಅದನ್ನು ಮೇಲಕ್ಕೆ ಸರಿಸೋದು ಯಾವ ಕೈಯಲ್ಲಿ? ಅರ್ಧ ಪಂಕ್ತಿಗೆ ಅಂದಾಜಿನ ಮೇಲೆ ಬಡಿಸಿದೆ.

ಇನ್ನೊಂದು ತಾಪತ್ರಯ. ನಮ್ಮಲ್ಲಿ ಒಂದು ಸಲ ಬೇಡ ಅಂದರೆ ಇನ್ನೊಂದು ಸೌಟು ಹಾಕಿ ಅಂತ ಅರ್ಥ, ಅಲ್ವಾ? ಇಲ್ಲಿ ‘ಬಸ್ ಜೀ’ ಅಂದರೆ ಬಸ್ಸೇ. ತಟ್ಟೆಯಲ್ಲಿ ಬಿಡೋ ಹಾಗಿಲ್ಲ. ನಾನು ಬಲವಂತವಾಗಿ ಸುರಿದ ದಾಲನ್ನು ಅಜ್ಜ ಒಬ್ಬರು ನನ್ನನ್ನೇ ದುರುಗುಟ್ಟಿ ನೋಡುತ್ತಾ ಕೊನೆ ಹನಿವರೆಗೂ ಕುಡಿದರು.

ಅಷ್ಟರಲ್ಲಿ ಉಸ್ತುವಾರಿ ನೋಡುತ್ತಿದ್ದ ಹಿರಿಯ ಸರ್ದಾರ್‌ಜೀ, ‘ಬೇಟಾ, ಪರ್ಶಾದಾ ಲಾವೋ’ ಅಂದರು. ಪ್ರಸಾದ ತಾನೇ! ಬಂದ ತಕ್ಷಣ ಪ್ರಾರ್ಥನೆಯ ಹಾಲ್‌ನಲ್ಲಿ ಕೈಗೆ ಹಾಕಿದ್ದರು. ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಸಮಸಮ ಹಾಕಿ ಕೆದಕಿದ ಬಿಸಿ ಹಲ್ವಾ, ನಮ್ಮ ಸತ್ಯನಾರಾಯಣ ಪೂಜೆಯ ಸಜ್ಜಿಗೆಗೆ ದಾಯಾದಿ. ಓಡಿದೆ. ಕೈಕಾಲು ತೊಳೆದು, ಸಾಲಿನಲ್ಲಿ ನಿಂತು, ಅಡ್ಡಬಿದ್ದು, ಬೊಗಸೆಯೊಡ್ಡಿ ಈಸಿಕೊಂಡು, ಮೊಣಕೈವರೆಗೂ ತುಪ್ಪ ಇಳಿಸಿಕೊಂಡು ವಾಪಸ್ ಬರುವ ಹೊತ್ತಿಗೆ ಹತ್ತು ನಿಮಿಷವಾದರೂ ಆಗಿತ್ತು. ನೋಡಿದರೆ ಇಡೀ ಪಂಕ್ತಿ ಆರಿದ ದಾಲ್ ಮುಂದಿಟ್ಟುಕೊಂಡು ಕಾಯ್ತಾ ಕೂತಿದೆ.

ಲಂಗರ್‌ನಲ್ಲಿ ಪರ್ಶಾದಾ ಅಂದರೆ ರೋಟಿಯಂತೆ! ಅದನ್ನು ತಟ್ಟೆಗೆ ಹಾಕೋದಿಲ್ಲ, ಎರಡೂ ಅಂಗೈ ಚಾಚಿ ತಗೋಬೇಕು. ಅಷ್ಟೂ ಅಂಗೈಗಳು ನನ್ನ ಕಡೆಗೇ ಚಾಚಿಕೊಂಡಿವೆ, ನನ್ನ ಹತ್ತಿರ ಇರೋದು ಒಂದು ಬೊಗಸೆ ಹಲ್ವಾ.

ಮಾನ ಉಳಿಸಿಕೊಳ್ಳೋಣ ಅಂತ ಹರಕು ಹಿಂದಿಯಲ್ಲಿ ಸರ್ದಾರ್‌ಜೀಗೆ ಹೇಳಿದೆ: 1699ರಲ್ಲಿ ಗುರು ಗೋಬಿಂದ್ ಸಿಂಗ್ ಕರೆದಾಗ ಎದ್ದು ಬಂದ ಪಂಚ ಪ್ಯಾರೆಗಳಲ್ಲಿ, ಅಂದರೆ ಗುರುವಿನ ಐವರು ಪ್ರೀತಿಪಾತ್ರರಲ್ಲಿ, ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಹಾಗಾಗಿ ನಾವು ಹತ್ತಿರದವರೇ ಅಂತ. ಹತ್ತಿರಕ್ಕೆ ‘ನಜ್ದೀಕ್’ ಅನ್ನೋದು ನೆನಪಾಗದೆ ‘ಬಾಜೂವಾಲೇ’ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಗಡ್ಡ ನೀವಿಕೊಂಡು, ತಟ್ಟೆ ತೊಳೆಯುವ ಜಾಗ ತೋರಿಸಿದರು.

ಕೊನೆ ಪಂಕ್ತಿಗೆ ನಾನೂ ಕೂತೆ. ಬುಟ್ಟಿ ಹಿಡಿದ ಹುಡುಗ ಒಂದು ರೋಟಿ ಹಾಕಿದ. ‘ಬಸ್ ಜೀ’ ಅಂದೆ, ಕಲಿತಿದ್ದೀನಿ ಅಂತ ತೋರಿಸೋಕೆ. ಹಿಂದಿನಿಂದ ಸರ್ದಾರ್‌ಜೀ ದನಿ ಬಂತು:

‘ಸುಮ್ನೆ ಇನ್ನೊಂದು ಹಾಕಿಸ್ಕೊಳ್ಳಪ್ಪಾ, ನಿಮ್ಮ ಕಡೆ ಬೇಡ ಅಂದ್ರೂ ಹಾಕ್ತಾರಲ್ಲ.’

ಅಚ್ಚ ಹಲಸೂರು ಕನ್ನಡ! ಹುಟ್ಟಿದ್ದೇ ಇಲ್ಲಂತೆ.